ಓದುಗರ ಸ್ಪಂದನ: ‘ಮಗ ಸೋಮಾರಿಯಾಗಿದ್ದಾನಾ?’

‘ಸಿಕಲ್ ಸೆಲ್ (ರಕ್ತಕಣ ಕುಡುಗೋಲಿನಂತೆ ಬಾಗುವ) ಕಾಯಿಲೆಯ 9 ವರ್ಷದ ಮಗ ಈಗೀಗ ಓದಿದ್ದೆಲ್ಲ ಮರೆಯುತ್ತಾನೆ. ಮೇಷ್ಟ್ರು ಸೋಮಾರಿ ಅನ್ನುತ್ತಾರೆ’ ಎಂದು ತಾಳವಾಡಿಯ ತಾಯಿಯೊಬ್ಬರು ಬರೆದಿದ್ದರು.

ಅಕ್ಕ, ನನ್ನ ಮಗಳದ್ದೂ ಇದೇ ಕತೆ. ಅಂಗಡಿಯಿಂದ ಉಪ್ಪು, ಬೆಲ್ಲ ತಾ ಅಂದರೆ ಉಪ್ಪು ಮಾತ್ರ ತರುತ್ತಿದ್ದಳು. ನಾನೂ ಬೈದೆ. ಆಮೇಲೆ ಗೊತ್ತಾಯಿತು. ಈ ಕಾಯಿಲೆಯಲ್ಲಿ ಮಿದುಳಿನ ರಕ್ತನಾಳ ಕಿರಿದಾಗಬಹುದು, ಮೈಯಲ್ಲಿ ರಕ್ತವೂ ಕಡಿಮೆ. ಆಮ್ಲಜನಕ ಸಾಲದೆ ಮಿದುಳಿನಲ್ಲಿ ಅಲ್ಲಲ್ಲಿ ಚುಕ್ಕಿಯಷ್ಟು ಜಾಗ ಸಾಯುತ್ತದೆ. ಕೈಕಾಲು, ಮಾತು ಸರಿಯಾಗೇ ಇರುತ್ತವೆ. ಗಮನ, ನೆನಪು ಜಾರುತ್ತವೆ. ಅದಕ್ಕೇ ‘ಸೈಲೆಂಟ್ ಸ್ಟ್ರೋಕ್’ ಅನ್ನುವುದು.

ಟಿಸಿಡಿ ಎಂಬ ಸ್ಕ್ಯಾನ್ ಇದೆ, ಕೇಳಿ ಮಾಡಿಸಿ. ಕಿವಿಯ ಮೇಲ್ಭಾಗಕ್ಕೆ ಜೆಲ್ ಹಚ್ಚಿ ಮಿದುಳಿನ ರಕ್ತದ ವೇಗ ನೋಡುತ್ತಾರೆ. ಸೂಜಿ ಇಲ್ಲ. ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದರೆ ದೊಡ್ಡ ಸ್ಟ್ರೋಕ್ ಭಯ ಜಾಸ್ತಿ. ಅಂಥ ಮಕ್ಕಳಿಗೆ ಆಗಾಗ ರಕ್ತ ಕೊಟ್ಟರೆ ಆ ಭಯ ತುಂಬಾ ಇಳಿಯುತ್ತದೆ ಎಂದು 1998ರಲ್ಲೇ ಅಮೆರಿಕದ ವೈದ್ಯರು ತೋರಿಸಿದ್ದಾರೆ. 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಬೇಕು. ನಾವು ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯ 27 ತಿರುವು ಇಳಿಯುವ ಬದಲು ಚಾಮರಾಜನಗರದ ಮೇಲೆ ಮೈಸೂರಿಗೆ ಹೋದೆವು. ತಿರುವಿನಲ್ಲಿ ಮಗು ವಾಂತಿ ಮಾಡಿ ನೀರು ಕಳೆದುಕೊಂಡರೆ ಈ ಕಾಯಿಲೆಯ ನೋವು ಕೆರಳಬಹುದು, ಅದು ಇನ್ನೊಂದು ಫಜೀತಿ, ಅಲ್ವಾ?
– ಒಬ್ಬ ತಾಯಿ, ತಾಳವಾಡಿ ಹತ್ತಿರ

ನಾನು ರಿಟೈರ್ ಆದ ಮೇಷ್ಟ್ರು. ಇಂಥ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನೇ. ಇಂದಿಗೂ ಚುಚ್ಚುತ್ತದೆ. ಡಾಕ್ಟರ ಚೀಟಿ ತೋರಿಸಿ ಮೇಷ್ಟ್ರ ಹತ್ತಿರ ಕೂತು ಮಾತಾಡಿ. ಮುಂದಿನ ಬೆಂಚು, ಪಕ್ಕದಲ್ಲಿ ನೀರಿನ ಬಾಟಲಿ, ಪರೀಕ್ಷೆಗೆ ಸ್ವಲ್ಪ ಹೆಚ್ಚು ಹೊತ್ತು. ಒಂದು ಸಲಕ್ಕೆ ಒಂದೇ ಕೆಲಸ ಹೇಳಲಿ.
– ಹೊಸೂರಿನ ಓದುಗ

ಟಿಸಿಡಿ ಸರಿ ಬಂತು ಅಂತ ಸುಮ್ನೆ ಕೂರಬೇಡಿ ಅಮ್ಮ. ಮಿದುಳಿನಲ್ಲಿ ಸತ್ತ ಆ ಚುಕ್ಕಿಗಳು ಅದರಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಓದು ಹಿಂದೆ ಬಿದ್ದಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರು ನೋವಿನ ವಿಷಯ ಮಾತ್ರ ಕೇಳಿ ಕಳಿಸುತ್ತಾರೆ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧಿ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ರಕ್ತಪರೀಕ್ಷೆಯೂ ತಪ್ಪಬಾರದು. ರಕ್ತ ಕಡಿಮೆ ಅಂತ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಸೇರಿರುತ್ತದೆ.

ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಆ ಊರಿನ ಆಸ್ಪತ್ರೆಯೋ ಈ ಊರಿನದೋ ಅಂತ ಮನೆಯಲ್ಲಿ ಚರ್ಚೆ ಬೇಡ. 108ಕ್ಕೆ ಫೋನ್ ಮಾಡಿ. ‘ಸಿಕಲ್ ಸೆಲ್ ಮಗು’ ಅಂತ ಮೊದಲೇ ಹೇಳಿ.
– ಒಬ್ಬ ನರ್ಸ್, ಗೂಡಲೂರು