ಚಿನ್ನು ಕಾಲೇಜಿನ ವಿಷಯ, ದೊಡ್ಡಮ್ಮನ ಮಾತು

ಪುಟ್ಟೀ, ರಾತ್ರಿ ನೀನು ಗ್ರೂಪಲ್ಲಿ ಕೇಳಿದ್ದನ್ನ ಈಗ ನೋಡಿದೆ. ಚಿನ್ನುಗೆ ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟೀಲಿ ಸೀಟು ಬಂದಿದೆ, ಆದ್ರೆ ತುಂಬಾ ಚೆನ್ನಾಗಿ ಓದೋ ಮಕ್ಕಳಿಗೆ ಅಂತ ಇರೋ ಆನರ್ಸ್ ಪ್ರೋಗ್ರಾಂ ಅಲ್ಲ, ಕಾಲೇಜ್ ಪಾರ್ಕ್ ಸ್ಕಾಲರ್ಸ್ ಅನ್ನೋ ಇನ್ನೊಂದು ಪ್ರೋಗ್ರಾಂ ಕೊಟ್ಟಿದಾರೆ. ಇನ್ನೊಂದು ಯೂನಿವರ್ಸಿಟಿಯವರು ಆನರ್ಸೇ ಕೊಟ್ಟಿದಾರೆ, ಅದನ್ನ ಬಿಟ್ರೆ ತಪ್ಪಾಗುತ್ತಾ ಅಂತ ತಾನೆ? ನೋಡಮ್ಮಾ, ಆನರ್ಸ್ ಅನ್ನೋ ಹೆಸರಿಗೆ ಮರುಳಾಗಬೇಡಿ. ಷರತ್ತು ಓದಿ.

ನಮ್ಮ ದೊಡ್ಡವಳದು ನಿಂಗೆ ಗೊತ್ತೇ ಇದೆ. ಅವಳಿಗೆ ಆನರ್ಸ್ ಬಂದಾಗ ನಿಮ್ಮ ದೊಡ್ಡಪ್ಪ ಊರಿಗೆಲ್ಲ ಫೋನ್ ಮಾಡಿದ್ರು. ಮೊದಲನೇ ವರ್ಷ ಚೆನ್ನಾಗೇ ಹೋಯ್ತು. ಎರಡನೇ ವರ್ಷ ಆನರ್ಸ್ ಸೆಮಿನಾರೂ ಕೆಮಿಸ್ಟ್ರಿ ಲ್ಯಾಬೂ ಒಂದೇ ಹೊತ್ತಿಗೆ ಬಂತು. ಲ್ಯಾಬ್ ಬಿಡೋ ಹಾಗಿಲ್ಲ, ಅದು ಮೇಜರ್‌ದು, ಅಂದ್ರೆ ಅವಳ ಮುಖ್ಯ ವಿಷಯದ್ದು. ಸೆಮಿನಾರ್ ಮುಂದಕ್ಕೆ ಹಾಕಿದ್ಲು, ಆಮೇಲೆ ಎರಡು ಸೆಮಿನಾರ್ ಒಟ್ಟಿಗೆ ಮೈಮೇಲೆ ಬಿತ್ತು, ಜಿಪಿಎ, ಅಂದ್ರೆ ಸರಾಸರಿ ಗ್ರೇಡು, ಇಳೀತು. ಪ್ರೋಗ್ರಾಮಿಂದ ತೆಗೆದ್ರು, ಆನರ್ಸ್ ಮಕ್ಕಳ ಡಾರ್ಮಲ್ಲಿ, ಅಂದ್ರೆ ಹಾಸ್ಟೆಲಲ್ಲಿ, ಇದ್ದ ರೂಮೂ ಹೋಯ್ತು. ನಾವು ಸಾಮಾನು ತರೋಕೆ ಹೋದಾಗ, ಬಾಗಿಲಿಗೆ ಅಂಟಿಸಿದ್ದ ತನ್ನ ಹೆಸರಿನ ಬಣ್ಣದ ಚೀಟೀನ ಹರೀಬಾರ್ದು ಅಂತ ಉಗುರಲ್ಲಿ ಮೆತ್ತಗೆ ಬಿಡಿಸ್ತಾ ನಿಂತಿದ್ಲು. ಅದಕ್ಕೇ ಹೇಳ್ತಿದೀನಿ, ಹೆಸರಿಗೆ ಮರುಳಾಗಬೇಡಿ, ಷರತ್ತು ಓದಿ.

ಆಗ ಈ ಗ್ರೂಪಿಂದ ಒಬ್ರೂ ಅವಳಿಗೆ ಫೋನ್ ಮಾಡ್ಲಿಲ್ಲ. ಯುಗಾದಿ ಊಟಕ್ಕೆ ಸೇರಿದಾಗ ಮಾತ್ರ ಅವಳ ಎದುರಿಗೇ "ಆನರ್ಸ್ ಬಿಟ್ಟುಬಿಟ್ಲಂತೆ" ಅಂದ್ರು. ಒಬ್ಬಟ್ಟು ಎಲೇಲೇ ಬಿಟ್ಟು ಎದ್ದು ಹೋಯ್ತು ಮಗು, ಯಾರೂ ಹಿಂದೆ ಹೋಗಲಿಲ್ಲ. ಯಾರಂದ್ರು ಅಂತ ಅಂದವರಿಗೆ ಗೊತ್ತು. ನಂಗೆ ಇವತ್ತಿಗೂ ಮರೆಯೋಕಾಗಿಲ್ಲ. ಇರ್ಲಿ.

ಹಾಂ, ಹೇಳ್ಬೇಕಾದ್ದೇ ಬಿಟ್ಟೋಯ್ತು. ಸ್ಕಾಲರ್ಸ್ ಏನೂ ಕಡಿಮೆಯದಲ್ಲ, 1994ರಿಂದ ನಡೀತಿದೆ. ಎರಡು ವರ್ಷದ್ದು. ಒಂದೇ ವಿಷಯದಲ್ಲಿ ಆಸಕ್ತಿ ಇರೋ ಮಕ್ಕಳು ಕ್ಯಾಂಪಸ್ಸಲ್ಲೇ ಇರೋ ಕೇಂಬ್ರಿಡ್ಜ್ ಕಮ್ಯೂನಿಟಿ ಅನ್ನೋ ಡಾರ್ಮ್‌ಗಳಲ್ಲಿ ಅಕ್ಕಪಕ್ಕ ಇರ್ತಾರೆ, ಕೊಲೋಕ್ವಿಯಂ ಅಂತ ಒಟ್ಟಿಗೆ ಕೂತು ಚರ್ಚೆ ಮಾಡೋ ಕ್ಲಾಸ್ ಇರುತ್ತೆ, ಆಮೇಲೆ ಇಂಟರ್ನ್‌ಶಿಪ್ಪೋ ರಿಸರ್ಚೋ ಸೇವೆಯೋ ಏನಾದ್ರೂ ಒಂದು ಮಾಡ್ಬೇಕು. ಅಷ್ಟು ದೊಡ್ಡ ಕ್ಯಾಂಪಸ್ಸಲ್ಲಿ ನಮ್ಮ ಚಿನ್ನು ಥರ ಮಾತು ಕಡಿಮೆ ಇರೋ ಮಗುಗೆ ಅದು ಒಳ್ಳೇದು.

ಎರಡೂ ಕಡೆಗೆ ಅವಳ ಕೈಲೇ ಮೇಲ್ ಹಾಕ್ಸು, ನೀನು ಹಾಕ್ಬೇಡ. ಎಷ್ಟು ಕ್ರೆಡಿಟ್, ಅದು ಜನರಲ್ ಎಜುಕೇಶನ್‌ಗೆ, ಅಂದ್ರೆ ಯಾವ ಮೇಜರ್ ಆದ್ರೂ ಎಲ್ಲರೂ ಓದಲೇಬೇಕಾದ ವಿಷಯಗಳ ಲೆಕ್ಕಕ್ಕೆ, ಸೇರುತ್ತಾ, ಜಿಪಿಎ ಎಷ್ಟಿರಬೇಕು, ಮಧ್ಯದಲ್ಲಿ ಬಿಟ್ರೆ ರೂಮ್ ಕತೆ ಏನು ಅಂತ ಕೇಳ್ಲಿ. ಮತ್ತೆ ಕಂಪ್ಯೂಟರ್ ಸೈನ್ಸ್ ಮೇಜರೇ ಸಿಕ್ಕಿದೆಯಾ ನೋಡು. ಮೇರಿಲ್ಯಾಂಡಲ್ಲಿ ಅದಕ್ಕೆ ಸೀಟು ಮಿತಿ ಇದೆ, ಸ್ಕಾಲರ್ಸ್ ಬಂದ್ರೆ ಅದೂ ಬಂದ ಹಾಗಲ್ಲ. ಮೇ 1ರೊಳಗೆ ಒಪ್ಪಿಗೆ ಕೊಡ್ಬೇಕು, ಇವತ್ತೇ ಮೇಲ್ ಹಾಕ್ಸು.