ಹಳೆ ರೇಷ್ಮೆ ಸೀರೆ ಕೊಂಡು ಮಾರೋದು: ಎಷ್ಟು ಕೊಡಬೇಕು, ಯಾವುದನ್ನ ಬಿಡಬೇಕು?

ಪ್ರಶ್ನೆ: 25,000 ರೂಪಾಯಿ ಬಂಡವಾಳ ಇದೆ. ಮನೆಗಳಲ್ಲಿ ಬೀರು ತುಂಬಿರೋ ಹಳೆ ಮೈಸೂರು ಸಿಲ್ಕ್, ಕಂಚಿ, ಇಳಕಲ್ ಸೀರೆ ಕೊಂಡು ಇನ್‌ಸ್ಟಾಗ್ರಾಂನಲ್ಲಿ ಮಾರುವ ಯೋಚನೆ. ಕೊಳ್ಳುವಾಗ ಏನು ನೋಡಬೇಕು? ದುಡ್ಡು ಎಲ್ಲಿ ಸೋರಿಹೋಗುತ್ತೆ? ಬಲ್ಲವರು ಹೇಳಿ.

ಜರಿಲೆಕ್ಕ: ಮೊದಲು ಜರಿ ಕರಗಿಸಿ ಬೆಳ್ಳಿ ತೆಗೆಯೋರ ರೇಟು ತಿಳ್ಕೊಳ್ಳಿ. ಹಳೆ ಸೀರೆಗೆ ತಳಬೆಲೆ ಕಟ್ಟೋರು ಅವರೇ. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ನಿಗಮ ಕೆಎಸ್‌ಐಸಿ ತನ್ನ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಅಂತ ಹೇಳುತ್ತೆ. ಅಂಥ ಸೀರೆಯಲ್ಲಿ 60 ಗ್ರಾಂ ಜರಿ ಇದೆ ಅಂದುಕೊಳ್ಳಿ, ಬೆಳ್ಳಿ 39 ಗ್ರಾಂ ಆಯ್ತು. ಅವತ್ತಿನ ಬೆಳ್ಳಿ ದರಕ್ಕೆ ಗುಣಿಸಿ, ಕರಗಿಸುವ ಖರ್ಚು, ಅವನ ಲಾಭ ಕಳೆಯಿರಿ. ಅದಕ್ಕಿಂತ ಕಡಿಮೆ ಕೇಳಿದ್ರೆ ಸೀರೆ ನಿಮ್ಮ ಕೈಗೆ ಬರಲ್ಲ.

ಜರಿ ಅಸಲಿಯಾ ಅಂತ ನೋಡೋಕೆ ಸೆರಗಿನ ತುದಿಯಲ್ಲಿ ಬಿಟ್ಟುಕೊಂಡಿರೋ ಒಂದೆಳೆ ತಗೊಂಡು ಉಗುರಲ್ಲಿ ಬಿಚ್ಚಿ. ದಾರದ ಮೇಲೆ ಚಪ್ಪಟೆ ತಂತಿ ಸುತ್ತಿರುತ್ತೆ. ತಂತಿ ಕೆರೆದಾಗ ಬಿಳಿ ಬಂದ್ರೆ ಬೆಳ್ಳಿ, ಕೆಂಪು ಬಂದ್ರೆ ತಾಮ್ರ. ಬೆಂಕಿ ತಾಗಿಸಿದ ಕೂಡಲೇ ಮುದುರಿ ಗಟ್ಟಿ ಮಣಿಯಾದ್ರೆ ಪ್ಲಾಸ್ಟಿಕ್. ಒಳದಾರ ಕೆಂಪಗಿದೆ ಅಂತ ನಂಬಿ ದುಡ್ಡು ಎಣಿಸಬೇಡಿ, ದಾರಕ್ಕೆ ಕೆಂಪು ಬಣ್ಣ ಯಾರು ಬೇಕಾದ್ರೂ ಹಾಕ್ತಾರೆ.

ಇನ್ನೊಂದು ಮಾತು. ಎಲ್ಲ ಕ್ರೇಪ್ ಸೀರೆಯೂ ಮೈಸೂರು ಸಿಲ್ಕ್ ಅಲ್ಲ. ಈಚಿನ ಕೆಎಸ್‌ಐಸಿ ಸೀರೆಯಲ್ಲಿ ಸಂಕೇತ ಸಂಖ್ಯೆ ಇರುತ್ತೆ. ಸಂಖ್ಯೆಯೂ ಇಲ್ಲ, ಬಿಲ್ಲೂ ಇಲ್ಲ ಅಂದ್ರೆ "ಹಳೆ ಕ್ರೇಪ್ ರೇಷ್ಮೆ" ಅಂತಲೇ ಬರೆದು ಮಾರಿ. ರೇಟು ಸ್ವಲ್ಪ ಇಳಿದ್ರೂ ಸೀರೆ ವಾಪಸ್ ಬರಲ್ಲ.

ಹಾಸುಹೊಕ್ಕು: ಜರಿಗಿಂತ ಮೊದಲು ಬಟ್ಟೆಗೆ ಜೀವ ಇದೆಯಾ ನೋಡಬೇಕು. ಹೊಸಬರು ಸೋಲೋದೇ ಇಲ್ಲಿ.

ಸೀರೆಯನ್ನ ಪೂರ್ತಿ ಬಿಚ್ಚಿಸಿ, ಕಿಟಕಿ ಬೆಳಕಿಗೆ ಎದುರು ಹಿಡಿದು, ಒಂದೊಂದು ಮಡಿಕೆ ಗೆರೆಯನ್ನೂ ಕಣ್ಣಾಡಿಸಿ. ವರ್ಷಗಟ್ಟಲೆ ಅದೇ ಮಡಿಕೆಯಲ್ಲಿ ಬಿದ್ದಿದ್ರೆ ರೇಷ್ಮೆ ಮೊದಲು ಬಿರಿಯೋದು ಆ ಗೆರೆಯಲ್ಲೇ, ಅದರಲ್ಲೂ ಭಾರದ ಜರಿ ಸೆರಗು ಒಡಲಿಗೆ ಕೂಡುವ ಕಡೆ. ಆಮೇಲೆ ಸೀರೆ ಮಾರೋರ ಒಪ್ಪಿಗೆ ಕೇಳಿ, ಒಳಗೆ ಸಿಕ್ಕಿಸುವ ತುದಿಯಲ್ಲಿ ಎರಡು ಹೆಬ್ಬೆರಳನ್ನ ಒಂದಿಂಚು ದೂರ ಇಟ್ಟು ಮೆಲ್ಲಗೆ ಎಳೆಯಿರಿ, ಒಮ್ಮೆ ಹಾಸಿನ (ಉದ್ದೆಳೆ) ದಿಕ್ಕಿಗೆ, ಒಮ್ಮೆ ಹೊಕ್ಕಿನ (ಅಡ್ಡೆಳೆ) ದಿಕ್ಕಿಗೆ. ಜೀವ ಇದ್ರೆ ತಡ್ಕೊಳ್ಳುತ್ತೆ. ಸತ್ತಿದ್ರೆ ಹಳೆ ಕಾಗದದ ಹಾಗೆ ಚರ್ ಅನ್ನುತ್ತೆ. ಅಂಥದ್ದಕ್ಕೆ ರಫೂ (ಹರಿದ ಕಡೆ ಎಳೆ ಹೆಣೆಯೋದು) ಮಾಡಿಸೋದು ದಂಡ: ಸೂಜಿ ಹಾಕಿದ ಪಕ್ಕದಲ್ಲೇ ಮತ್ತೆ ಬಿರಿಯುತ್ತೆ. ಮೊಳೆ ತಾಗಿದ ತೂತು, ಸುತ್ತ ಬಟ್ಟೆ ಗಟ್ಟಿ ಇದ್ರೆ ಮಾತ್ರ ರಫೂ.

ಪಾಲಿಶ್ ಮಾಡಿಸಿ ತಂದು ತೋರಿಸುವ ಸೀರೆಯನ್ನ ಅನುಮಾನದಿಂದಲೇ ನೋಡಿ. ಗಂಜಿ ಹಾಕಿ ಇಸ್ತ್ರಿ ಹೊಡೆದಿದ್ರೆ ಬಿರುಕು ಕೂಡಿಕೊಂಡ ಹಾಗೆ ಕಾಣುತ್ತೆ, ಉಟ್ಟ ಮೊದಲ ದಿನವೇ ಬಾಯಿ ಬಿಡುತ್ತೆ. ಫಾಲ್ ಬಿಚ್ಚಿ ಒಳಗೆ ನೋಡಿದ್ರೆ ಮೂಲ ಬಣ್ಣ ಎಷ್ಟು ಮಾಸಿದೆ ಅಂತಲೂ ತಿಳಿಯುತ್ತೆ.

ಒಡಲು ಹೋಗಿ ಅಂಚು, ಸೆರಗು ಚೆನ್ನಾಗಿದ್ರೆ ಪೂರ್ತಿ ಬಿಸಾಡಬೇಡಿ. ಅಂಚು ಬಿಡಿಸಿ ಹೊಸ ರೇಷ್ಮೆಗೆ ಕೂರಿಸೋ ಟೈಲರ್‌ಗಳು ಕೊಳ್ತಾರೆ. ಆದ್ರೆ ಕೊಳ್ಳುವಾಗಲೇ ಅಂಚಿನ ಬೆಲೆಯಷ್ಟೇ ಕೊಟ್ಟಿರಬೇಕು.

ಗುಡೂರ್_ಸೆರಗು: ಇಳಕಲ್ ಬಗ್ಗೆ ಯಾರೂ ಬಾಯಿ ಬಿಡವಲ್ರಲ್ರೀ! ಕೈಮಗ್ಗದ ಇಳಕಲ್‌ದಾಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿರ್ತಾರ. ಸೆರಗು ಸುರು ಆಗೋ ಜಾಗ ತಿರುವಿ ನೋಡ್ರಿ, ಸಾಲಾಗಿ ಕೊಂಡಿ ಕಾಣ್ತಾವ. ಕೆಂಪು-ಬಿಳಿ ತೋಪ್ ತೆನಿ (ಇಳಕಲ್ ಸೆರಗಿನ ಗುರುತಿನ ನಮೂನಿ) ಸೆರಗಿದ್ದು, ಕೂಡು ಇಲ್ಲದ ಒಂದೇ ಹಾಸು ಹರಿದು ಬಂದಿದ್ರ ಅದು ಬರೇ ನಕಲು.

ಕಸೂತಿ ಇದ್ರ ಹಿಂಬದಿ ನೋಡ್ರಿ. ಗವಂತಿ, ಮುರ್ಗಿ ಹೊಲಿಗಿ ಎರಡೂ ಕಡಿ ಒಂದೇ ನಮೂನಿ ಇರಬೇಕು, ಗಂಟು ಇರಬಾರದು. ಮಷೀನಿಂದಾದ್ರ ಹಿಂದ ಬಿಳಿ ದಾರದ ಜಾಳಿಗಿ ಕಾಣ್ತದ. ನೇಗಿ, ಮೆಂತಿ ಹೊಲಿಗಿಗೆ ಈ ಲೆಕ್ಕ ಹಚ್ಚಬ್ಯಾಡ್ರಿ, ಅವು ಹಿಂದ ಬ್ಯಾರೆನ ಕಾಣ್ತಾವ.

ಒಗೆಯೂ ಮುಂದ ಒದ್ದಿ ಬಿಳಿ ಅರಿವಿ ತಗೊಂಡು ಸೆರಗಿನ ಕೆಂಪಿಗೆ ಒತ್ರಿ. ಬಣ್ಣ ಹತ್ತಿದ್ರ ಮನ್ಯಾಗ ನೀರಿಗೆ ಹಾಕಬ್ಯಾಡ್ರಿ. ಆರ್ಟ್ ಸಿಲ್ಕ್ (ರೇಯಾನ್ ದಾರದ್ದು) ಇದ್ರ ತೊಯ್ದಾಗ ಹಿಂಡಬ್ಯಾಡ್ರಿ, ರೇಯಾನ್ ನೀರಾಗ ಸೋಲ್ತದ.

ಕೂಡಿಕಳೆ: ದುಡ್ಡಿನ ವಿಷಯಕ್ಕೆ ಬರೋಣ. ಒಂದು ಮಾದರಿ ಲೆಕ್ಕ, ನಿಮ್ಮೂರಿನ ದರ ಹಾಕ್ಕೊಳ್ಳಿ. ಸೀರೆಗೆ 1,200, ಡ್ರೈವಾಶ್ 250, ಹೊಸ ಫಾಲ್ ಮತ್ತು ಅಂಚು ಹೊಲಿಗೆ 150: ಒಟ್ಟು 1,600. ಕೊರಿಯರ್, ಪ್ಯಾಕಿಂಗ್ 150. ಮಾರಿದ್ದು 2,800ಕ್ಕೆ. ಲಾಭ 1,050 ಅಂತ ಕುಣಿಯೋ ಮುಂಚೆ 10 ಸೀರೆಗೆ ಲೆಕ್ಕ ಹಾಕಿ. ಎರಡು ಮಾರಾಟವಾಗದೆ ಕೂತ್ರೆ ಬಂದದ್ದು 22,400, ಹೋದದ್ದು 17,200 (10 ಸೀರೆಗೆ 16,000, ಮಾರಿದ 8ರ ಕೊರಿಯರ್‌ಗೆ 1,200). ಉಳಿದದ್ದು 5,200, ಅಂದ್ರೆ ಮಾರಿದ ಪ್ರತಿ ಸೀರೆಗೆ 650. ಫೋಟೋ ತೆಗೆದು, ಮೆಸೇಜಿಗೆ ಉತ್ತರ ಕೊಟ್ಟ ಹೊತ್ತಿನ ಕೂಲಿ ಇದರಲ್ಲಿ ಸೇರಿಲ್ಲ. ಹಾಗಾಗಿ ಮೊದಲ ಸುತ್ತಿಗೆ 12,000 ಮೀರಬೇಡಿ. ಡ್ರೈವಾಶ್ ಕೂಡ ಬೇಕಾದ್ದಕ್ಕೆ ಮಾತ್ರ. ಎರಡು ದಿನ ನೆರಳಲ್ಲಿ ಗಾಳಿಗೆ ಹರವಿದ್ರೆ ಬೀರುವಿನ ವಾಸನೆ ಎಷ್ಟೋ ಹೋಗುತ್ತೆ.

ವಾಪಸ್ ಬರೋದು ಬಹುತೇಕ ಅಳತೆಯಿಂದ, ಬಣ್ಣದಿಂದ. ಉದ್ದ, ಅಗಲ ಟೇಪ್ ಹಿಡಿದು ಬರೆಯಿರಿ. ಹಳೆ ಸೀರೆಯಲ್ಲಿ ರವಿಕೆ ಕಣ ಕತ್ತರಿಸಿರ್ತಾರೆ, ಅದನ್ನೂ ಹೇಳಿ. ಫೋಟೋ ಹಗಲು ಬೆಳಕಲ್ಲಿ ತೆಗೆಯಿರಿ. ಪ್ರತಿ ಕಲೆ, ತೂತಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ತೋರಿಸಿ. 9 ಗಜದ ಸೀರೆಯನ್ನ 6 ಗಜಕ್ಕೆ ಕತ್ತರಿಸೋ ಆತುರ ಬೇಡ, ಪೂರ್ತಿ ಉದ್ದವನ್ನೇ ಹುಡುಕೋ ಗಿರಾಕಿ ಇರ್ತಾರೆ.

ಇನ್ನು ಜಿಎಸ್‌ಟಿ ವಿಷಯ. ರಾಜ್ಯದೊಳಗೆ ಸರಕು ಮಾರಿದ್ರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ, ಆದರೆ ಹೊರರಾಜ್ಯಕ್ಕೆ ಕಳಿಸಿದ್ರೆ ಲೆಕ್ಕವೇ ಬೇರೆ. ನೋಂದಣಿ ಆದಮೇಲೆ ನಿಯಮ 32(5) ಅಂತ ಅಕೌಂಟೆಂಟ್ ಹತ್ರ ಕೇಳಿ: ಬಳಸಿದ ವಸ್ತು ಮಾರೋರಿಗೆ, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ಕಡಿತ) ತಗೊಳ್ಳದಿದ್ರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ವ್ಯತ್ಯಾಸದ ಮೇಲಷ್ಟೇ ತೆರಿಗೆ. ಅಮೆರಿಕದ ಕನ್ನಡ ಗಿರಾಕಿಗೆ "ನೂರು ವರ್ಷದ ಸೀರೆ" ಅಂತ ಕೊಚ್ಚಿಕೊಂಡು ಕಳಿಸೋರೂ ಹುಷಾರು. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಗೆ ಬರುತ್ತೆ, ಖಾಸಗಿಯಾಗಿ ರಫ್ತು ಮಾಡೋ ಹಾಗಿಲ್ಲ.

ಪ್ರಶ್ನೆ ಕೇಳಿದವರು: ಒಂದು ಸೀರೆಯ ಜರಿ ಕಪ್ಪಾಗಿದೆ. ನಿಂಬೆಹುಳಿ ಹಾಕಿ ಉಜ್ಜಿದ್ರೆ ಹೋಗುತ್ತಾ?

ಜರಿಲೆಕ್ಕ: ಕಪ್ಪು ಹೋಗಬಹುದು, ಅದರ ಜೊತೆ ಚಿನ್ನದ ಲೇಪವೂ ಹೋಗುತ್ತೆ, ಪಕ್ಕದ ರೇಷ್ಮೆಯ ಬಣ್ಣವೂ ಬಿಡುತ್ತೆ. ಟೂತ್‌ಪೇಸ್ಟ್ ಕೂಡ ಬೇಡ. ಬೆಳ್ಳಿ ಗಂಧಕ ತಾಗಿ ಕಪ್ಪಾಗೋದು. ಅದನ್ನ "ಹಳೆ ಜರಿ, ಕಪ್ಪಾಗಿದೆ" ಅಂತ ಫೋಟೋ ಸಮೇತ ಹಾಕಿ, ಅದನ್ನೇ ಇಷ್ಟಪಡೋರು ಇದ್ದಾರೆ. ಉಳಿದ ಸೀರೆಗೆ ಬರದ ಹಾಗೆ ಮಾಡಿ: ಪ್ಲಾಸ್ಟಿಕ್ ಕವರ್ ತೆಗೆದು, ಒಗೆದ ಹಳೆ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು, ಸೆಂಟ್ ಹೊಡೀಬೇಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಲ್ಲಿ ಹರವಿ.