ಸೋಲ್ಡನ್ನೋ ಓಬರ್‌ಗುರ್ಗಲ್ಲೋ: ಅಪ್ಪ-ಅಮ್ಮನೊಂದಿಗೆ ಒಂದು ವಾರದ ಸ್ಕೀ ಪ್ರವಾಸ

ಪ್ರಶ್ನೆ: ಮ್ಯೂನಿಕ್ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯ ಶಾಲಾ ರಜೆಯಲ್ಲಿ ಒಂದು ವಾರ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಓಟ್ಸ್‌ಟಾಲ್ ಕಣಿವೆಗೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಆದರೆ ಕಣಿವೆಯ ಯಾವ ಊರಿನಲ್ಲಿ ಇಳಿದುಕೊಳ್ಳಬೇಕೆಂಬ ವಿಷಯದಲ್ಲಿ ಎರಡು ಪಕ್ಷಗಳಾಗಿ, ಮಾತು ಮೂರು ವಾರದಿಂದ ಅಲ್ಲೇ ನಿಂತಿದೆ. ನನ್ನ ಭಾವಮೈದುನನೂ ಅವನ ಸ್ನೇಹಿತನೂ ಸೋಲ್ಡನ್ ಆಗಬೇಕೆನ್ನುತ್ತಾರೆ. ಇಬ್ಬರೂ ಸ್ಕೀ ಚೆನ್ನಾಗಿ ಬಲ್ಲವರು. ಸಂಜೆಯ ಹಾಡು-ಕುಣಿತವಿಲ್ಲದಿದ್ದರೆ ಅವರಿಗೆ ಪ್ರವಾಸ ಪ್ರವಾಸವೆನಿಸುವುದಿಲ್ಲ. ನನ್ನ ಪತ್ನಿಯಾದರೋ ಅದೇ ಕಣಿವೆಯ ಮೇಲ್ತುದಿಯಲ್ಲಿ, ಸೋಲ್ಡನ್‌ನಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿರುವ ಓಬರ್‌ಗುರ್ಗಲ್ ಎಂಬ ಸಣ್ಣ ಊರನ್ನೇ ಹಿಡಿದು ಕೂತಿದ್ದಾಳೆ.

ನಮ್ಮ ತಂಡದ ಸ್ಥಿತಿ ಹೀಗಿದೆ. ನಾವಿಬ್ಬರೂ ನೀಲಿ ಗುರುತಿನ ಇಳಿಜಾರುಗಳಲ್ಲಿ ನಿರಾತಂಕವಾಗಿ, ಕೆಂಪು ಗುರುತಿನವುಗಳಲ್ಲಿ ದೇವರ ಮೇಲೆ ಭಾರ ಹಾಕಿ ಇಳಿಯುತ್ತೇವೆ. ಎಂಟು ವರ್ಷದ ಮಗಳು ಈವರೆಗೆ ಮೂರು ದಿನ ಮಾತ್ರ ಕಾಲಿಗೆ ಸ್ಕೀ ಕಟ್ಟಿದ್ದಾಳೆ. ತೀರ್ಥಹಳ್ಳಿಯಿಂದ ಬರಲಿರುವ ನನ್ನ ತಂದೆ-ತಾಯಿಗೆ ಎಪ್ಪತ್ತರ ಆಸುಪಾಸು. ಹಿಮವನ್ನು ಕಣ್ಣಾರೆ ಕಾಣುವುದೇ ಅವರಿಗೆ ಇದು ಮೊದಲು. ತಂದೆಯವರು ನಿವೃತ್ತ ವಿಜ್ಞಾನ ಶಿಕ್ಷಕರು, ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗಿನ ಐದಕ್ಕೆ ಏಳುವವರು. ಇಬ್ಬರೂ ಮೊಟ್ಟೆಯನ್ನು ಮುಟ್ಟುವುದಿಲ್ಲ. ಗದ್ದಲದ ಊರಿನಲ್ಲಿ ಗದ್ದಲ ನಿಜಕ್ಕೂ ಎಷ್ಟು ಬಾಧಿಸುತ್ತದೆ, ನಿಶ್ಶಬ್ದದ ಊರಿನಲ್ಲಿ ಆ ನಿಶ್ಶಬ್ದ ಎಷ್ಟನೆಯ ದಿನಕ್ಕೆ ಬೇಸರ ತರಿಸುತ್ತದೆ ಎಂಬುದನ್ನು, ಉಳಿದು ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಇನ್ಸ್‌ಬ್ರುಕ್ ವಾಸಿ

ನಿಮ್ಮ ಪತ್ನಿಯವರ ಪಕ್ಷಕ್ಕೆ ನನ್ನ ಮತ. ಆದರೆ ಕಾರಣ ಬರೀ ಶಾಂತಿಯಲ್ಲ. ಕಲಿಯುವವರ ಇಳಿಜಾರು ಎಲ್ಲಿದೆ ಎಂಬುದು.

ಸೋಲ್ಡನ್ ಊರು ಸುಮಾರು 1,370 ಮೀಟರ್ ಎತ್ತರದಲ್ಲಿದೆ. ಆರಂಭಿಕರ ಇಳಿಜಾರುಗಳು ಇರುವುದು ಮೇಲೆ, 2,283 ಮೀಟರ್ ಎತ್ತರದ ಗಿಗ್ಗಿಯೋಖ್‌ನಲ್ಲಿ. ಅಂದರೆ ನಿಮ್ಮ ಮಗಳು ದಿನವೂ ಗೊಂಡೋಲಾದಲ್ಲಿ, ಅಂದರೆ ತಂತಿಗೆ ತೂಗಿ ಸಾಗುವ ಮುಚ್ಚಿದ ತೊಟ್ಟಿಲಿನಲ್ಲಿ, ಮೇಲೆ ಹೋಗಿ, ಸಂಜೆ ಗೊಂಡೋಲಾದಲ್ಲೇ ಕೆಳಗೆ ಬರಬೇಕು. ಅವಳು ಸ್ಕೀ ಶಾಲೆಯಲ್ಲಿ ಕಲಿಯುವುದನ್ನು ಅಜ್ಜ-ಅಜ್ಜಿ ನೋಡಬೇಕೆಂದರೆ ಅವರೂ ಟಿಕೆಟ್ ಕೊಂಡು ಬೆಳಗಿನ ನೂಕುನುಗ್ಗಲಿನಲ್ಲಿ ಅದೇ ಗೊಂಡೋಲಾ ಹತ್ತಬೇಕು. ಓಬರ್‌ಗುರ್ಗಲ್ ಊರೇ ಸುಮಾರು 1,900 ಮೀಟರ್ ಎತ್ತರದಲ್ಲಿರುವುದರಿಂದ ಹಿಮ ಮನೆಯ ಬಾಗಿಲಿಗೇ ಬಂದಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಒಂದು ಊರು ಕಟ್ಟಿದಂತೆ ಎಂದು ನಿಮ್ಮ ತಂದೆಯವರಿಗೆ ಹೇಳಿದರೆ ಎತ್ತರದ ಅಂದಾಜು ಕೂಡಲೇ ಸಿಗುತ್ತದೆ. ನಡೆಯುವವರಿಗಾಗಿ ಹಿಮ ತೆಗೆದು ಹದಮಾಡಿದ ದಾರಿಗಳಿವೆ. ಸ್ಕೀ ಇಲ್ಲದವರೂ ಗೊಂಡೋಲಾದಲ್ಲಿ 2,670 ಮೀಟರ್ ಎತ್ತರದ ಹೋಹೆ ಮುಟ್‌ಗೆ ಹೋಗಿ, ಬಿಸಿಲಿಗೆ ಮೈಯೊಡ್ಡಿ ಕೂತು ಬರಬಹುದು.

ವಿಜ್ಞಾನ ಶಿಕ್ಷಕರೆಂದಿರಿ. ಹಾಗಾದರೆ ಅವರಿಗೆ ಇನ್ನೊಂದು ಆಕರ್ಷಣೆಯೂ ಇದೆ. 1931ರ ಮೇ ತಿಂಗಳಲ್ಲಿ ಸ್ವಿಸ್ ಭೌತವಿಜ್ಞಾನಿ ಆಗಸ್ಟ್ ಪಿಕಾರ್ ತಮ್ಮ ಸಹಾಯಕರೊಂದಿಗೆ ಜರ್ಮನಿಯ ಅಗ್ಸ್‌ಬರ್ಗ್‌ನಿಂದ ಬಲೂನಿನಲ್ಲಿ ಹೊರಟು, 15 ಕಿಲೋಮೀಟರಿಗೂ ಹೆಚ್ಚು ಎತ್ತರದ ವಾಯುಮಂಡಲದ ಸ್ತರವನ್ನು ಮುಟ್ಟಿ, ಕೊನೆಗೆ ಇಳಿದದ್ದು ಇದೇ ಊರಿನ ಮೇಲಿನ ಗುರ್ಗಲ್ ಹಿಮನದಿಯ ಮೇಲೆ. ಊರಿನಲ್ಲಿ ಅದರ ಸ್ಮಾರಕವಿದೆ.

ಉತ್ತರ: ಸ್ಟುಟ್‌ಗಾರ್ಟ್ ಸಂಕೇತಿ

ಇನ್ಸ್‌ಬ್ರುಕ್ ವಾಸಿಗಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಅವರು ಹೇಳುತ್ತಿರುವುದೆಲ್ಲ ಬಿಸಿಲಿರುವ ದಿನದ ಮಾತು. ವಾರದಲ್ಲಿ ಎರಡು ದಿನವಾದರೂ ಮೋಡ ಮುಸುಕುತ್ತದೆಂದು ಹಿಡಿಯಿರಿ. ಓಬರ್‌ಗುರ್ಗಲ್‌ನ ಇಳಿಜಾರುಗಳಲ್ಲಿ ಹೆಚ್ಚಿನವು ಮರಗಳ ಗಡಿಗಿಂತ ಮೇಲಿವೆ; ಮಂಜು ಕವಿದರೆ ನೆಲ ಯಾವುದು, ಆಕಾಶ ಯಾವುದೆಂದೇ ತಿಳಿಯುವುದಿಲ್ಲ. ಅಂಥ ದಿನ ನಾನು ನಿಂತಿದ್ದೇನೆಂದು ಭಾವಿಸಿ ಜಾರುತ್ತಲೇ ಇದ್ದು, ಪಕ್ಕದ ಹಿಮದ ಗುಡ್ಡೆಯೊಳಗೆ ಸೊಂಟದವರೆಗೆ ಹೂತುಹೋಗಿದ್ದೆ. ಆ ದಿನಗಳಲ್ಲಿ ಸಣ್ಣ ಊರಿನಲ್ಲಿ ಹಿರಿಯರು ಏನು ಮಾಡಬೇಕು? ಹೋಟೆಲಿನ ಕಿಟಕಿಯಲ್ಲಿ ಬೆಳ್ಳಗಿನ ಗೋಡೆಯನ್ನು ನೋಡುತ್ತಾ ಕೂರಬೇಕು.

ಸೋಲ್ಡನ್‌ನಲ್ಲಿ ಅಂಗಡಿ ಬೀದಿಯಿದೆ, ಈಜುಕೊಳವಿದೆ, ಬಸ್ ಹತ್ತಿದರೆ ಕಣಿವೆಯ ಕೆಳಗೆ ಲೆಂಗನ್‌ಫೆಲ್ಡ್‌ನ ಆಕ್ವಾ ಡೋಮ್ ಎಂಬ ಬಿಸಿನೀರಿನ ಸ್ನಾನಗೃಹವಿದೆ. ಸ್ಕೀ ಮಾಡದವರೂ 3,058 ಮೀಟರಿನ ಗೈಸ್‌ಲಾಖ್‌ಕೋಗಲ್ ಶಿಖರದವರೆಗೆ ಗೊಂಡೋಲಾದಲ್ಲೇ ಹೋಗಬಹುದು. ನಮ್ಮ ಅತ್ತೆಯವರು ಅಲ್ಲಿ ಒಂದು ಇಡೀ ಮಧ್ಯಾಹ್ನ ಚಹಾದಂಗಡಿಯ ಕಿಟಕಿಯ ಬಳಿ ಕೂತು, ಸ್ಕೀ ಬೂಟು ತೊಟ್ಟವರು ಹಿಮ್ಮಡಿ ಮೊದಲೂರಿ ಟಕ್ ಟಕ್ ಎಂದು ನಡೆದುಹೋಗುವುದನ್ನು ನೋಡಿದರು. ಆ ಪ್ರವಾಸದಲ್ಲಿ ಅವರಿಗೆ ಇಂದಿಗೂ ನೆನಪಿರುವುದು ಅದೇ, ಹಿಮಶಿಖರವಲ್ಲ. ಹಿರಿಯರಿಗೆಲ್ಲ ಮೌನವೇ ಬೇಕೆಂದು ನಾವು ಊಹಿಸಿಕೊಳ್ಳುತ್ತೇವೆ. ಊರಿನಲ್ಲಿ ಜಗಲಿಯ ಮೇಲೆ ಕೂತು ದಾರಿಹೋಕರನ್ನೆಲ್ಲ ಮಾತಾಡಿಸುವವರಿಗೆ ಜನ ಕಾಣದ ಊರು ಎರಡೇ ದಿನಕ್ಕೆ ಸಾಕಾಗುತ್ತದೆ.

ಇನ್ನೊಂದು ಎಚ್ಚರಿಕೆ: ಭಾರಿ ಹಿಮ ಬಿದ್ದಾಗ ಹಿಮಕುಸಿತದ ಭಯದಿಂದ ಸೋಲ್ಡನ್‌ನಿಂದ ಮೇಲಿನ ರಸ್ತೆಯನ್ನು ಮುಚ್ಚುವುದುಂಟು. ತಂದೆ-ತಾಯಿಯ ಔಷಧಿಗಳನ್ನು ಲೆಕ್ಕಕ್ಕಿಂತ ಹೆಚ್ಚಾಗಿಯೇ ಇಟ್ಟುಕೊಳ್ಳಿ.

ಉತ್ತರ: ಉಲ್ಮ್ ಊರಿನವಳು

ಇಬ್ಬರೂ ಊರಿನ ಹೆಸರು ಹಿಡಿದು ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಊರಿಗಿಂತ ಮನೆಯ ವಿಳಾಸ ಮುಖ್ಯ.

ಮೊದಲ ವರ್ಷ ನಾವು ಸೋಲ್ಡನ್‌ನ ಮುಖ್ಯ ರಸ್ತೆಯಲ್ಲೇ, ಕೆಳಗೆ ಬಾರ್ ಇದ್ದ ಒಂದು ಕಟ್ಟಡದಲ್ಲಿ ಮನೆ ಹಿಡಿದಿದ್ದೆವು. ಬುಕ್ ಮಾಡುವಾಗ ಬಾರಿನ ವಿಷಯವನ್ನು ಯಾರೂ ಹೇಳಿರಲಿಲ್ಲ, ಚಿತ್ರಗಳಲ್ಲಿಯೂ ಇರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ, ಸ್ಕೀ ಮಾಡುವವರನ್ನು ಮೇಲೇರಿಸುವ ಲಿಫ್ಟುಗಳು ನಿಲ್ಲುವ ಹೊತ್ತಿಗೆ, ಹಾಡು ಶುರುವಾಗುತ್ತಿತ್ತು. ನೆಲದ ಹಲಗೆಯ ಮೂಲಕ ಬರುತ್ತಿದ್ದ ಆ ಡೋಲಿನ ಸದ್ದಿಗೆ ಮೇಜಿನ ಮೇಲಿನ ಲೋಟದ ನೀರು ಉಂಗುರ ಉಂಗುರವಾಗಿ ನಡುಗುತ್ತಿದ್ದುದನ್ನು ನಾನು ಇನ್ನೂ ಮರೆತಿಲ್ಲ. ಮರುವರ್ಷ ಅದೇ ಸೋಲ್ಡನ್‌ನಲ್ಲಿ, ರಸ್ತೆ ಬಿಟ್ಟು ಹೊಳೆ ದಾಟಿ ಹತ್ತು ನಿಮಿಷ ಏರಿದರೆ ಸಿಗುವ ಒಂದು ಮನೆಯಲ್ಲಿದ್ದೆವು. ರಾತ್ರಿ ಹಿಮ ತೆಗೆಯುವ ಗಾಡಿಯ ಸದ್ದೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಆದ್ದರಿಂದ ಬುಕ್ ಮಾಡುವ ಮೊದಲು ನಕ್ಷೆಯಲ್ಲಿ ಮನೆ ಮುಖ್ಯ ರಸ್ತೆಯಿಂದ ಎಷ್ಟು ದೂರವಿದೆ, ಆ ದೂರ ಎಷ್ಟು ಏರಿನದು ಎಂದು ನೋಡಿ. ಮಂಜುಗಟ್ಟಿದ ಏರು ನಿಮ್ಮ ತಾಯಿಯವರಿಗೆ ಗದ್ದಲಕ್ಕಿಂತ ದೊಡ್ಡ ಶತ್ರು. ಬೂಟಿಗೆ ತೊಡಿಸುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ, ಇಬ್ಬರಿಗೂ ಕೊಡಿಸಿ.

2,090 ಮೀಟರ್ ಎತ್ತರದ ಹೋಖ್‌ಸೋಲ್ಡನ್ ಎಂಬ ಹೋಟೆಲುಗಳ ಗುಂಪೂ ಒಂದಿದೆ. ಸೋಲ್ಡನ್‌ನ ಇಳಿಜಾರುಗಳ ನಡುವೆಯೇ ಇರುವ ಶಾಂತ ಜಾಗ. ಆದರೆ ಅಡುಗೆಮನೆ ಬೇಕೆನ್ನುವವರಿಗೆ ನಾನು ಅದನ್ನು ಸೂಚಿಸಲಾರೆ.

ಮ್ಯೂನಿಕ್ ಮಲೆನಾಡಿಗ

ಮೂವರಿಗೂ ಧನ್ಯವಾದಗಳು. ನಿನ್ನೆ ಪಿಕಾರ್ ಬಲೂನಿನ ಕಥೆಯನ್ನು ಫೋನಿನಲ್ಲಿ ತಂದೆಯವರಿಗೆ ಓದಿ ಹೇಳಿದೆ. ಅವರಿಗೆ ಅದು ಗೊತ್ತಿತ್ತಂತೆ. ಊರಿನ ಹೆಸರು ಮಾತ್ರ ಗೊತ್ತಿರಲಿಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು. ನಾವು ಐವರು ಓಬರ್‌ಗುರ್ಗಲ್‌ನಲ್ಲಿ ಅಡುಗೆಮನೆಯಿರುವ ಮನೆ ಹಿಡಿಯುತ್ತೇವೆ. ಭಾವಮೈದುನನೂ ಅವನ ಸ್ನೇಹಿತನೂ ಸೋಲ್ಡನ್‌ನಲ್ಲಿ, ಮುಖ್ಯ ರಸ್ತೆಯ ಮೇಲೆಯೇ, ಬಾರಿಗೆ ಎಷ್ಟು ಹತ್ತಿರವಾದರೂ ಸರಿ, ಒಂದು ಕೋಣೆ ಹಿಡಿಯುತ್ತಾರೆ. ಮೋಡ ಕವಿದ ದಿನ ನಾವೇ ಬಸ್ಸಿನಲ್ಲಿ ಕೆಳಗಿಳಿಯುತ್ತೇವೆ. ಅಮ್ಮನಿಗೆ ಆ ಕಿಟಕಿಯ ಬಳಿಯ ಕುರ್ಚಿ ಬೇಕಾಗಬಹುದೆಂದು ನನಗೂ ಅನ್ನಿಸುತ್ತಿದೆ. ಊಟದ ವಿಷಯ ಮಾತ್ರ ಉಳಿದಿದೆ.

ಉತ್ತರ: ಇನ್ಸ್‌ಬ್ರುಕ್ ವಾಸಿ

ಅಡುಗೆಮನೆಯಿರುವ ಮನೆ ಹಿಡಿದದ್ದು ಒಳ್ಳೆಯದಾಯಿತು. ಇಲ್ಲಿ ಸಸ್ಯಾಹಾರವೆಂದು ಕೊಡುವ ಕೇಸ್‌ಷ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ಹಿಟ್ಟಿನ ನೂಡಲ್ಸಿನಲ್ಲಿ ಮೊಟ್ಟೆಯಿದೆ, ಕೈಸರ್‌ಷ್ಮಾರ್ನ್ ಎಂಬ ಹರಿದು ಬಡಿಸುವ ಸಿಹಿ ದೋಸೆಯಲ್ಲಿ ಮೊಟ್ಟೆಯೇ ಮುಖ್ಯ. ಪರ್ವತದ ಮೇಲಿನ ಹೋಟೆಲುಗಳಲ್ಲಿ ನಿಮ್ಮ ತಂದೆ-ತಾಯಿಗೆ ಹುರಿದ ಆಲೂಗಡ್ಡೆ, ಸಲಾಡ್, ಬ್ರೆಡ್ಡು ಇಷ್ಟೇ ಖಚಿತ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು.

ಕುಕ್ಕರನ್ನು ಮರೆಯದೆ ತನ್ನಿ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ಲಿಫ್ಟು ನಿಲ್ಲುವ ಹೊತ್ತಾಗುತ್ತದೆ. ತಂದೆಯವರು ಥರ್ಮಾಮೀಟರ್ ತಂದರೆ ಮೊಮ್ಮಗಳಿಗೆ ಅದನ್ನೂ ತೋರಿಸಬಹುದು. ಒಲೆ ಇಂಡಕ್ಷನ್ನೋ ಅಲ್ಲವೋ ಎಂದು ಮನೆಯವರಿಗೆ ಇಂದೇ ಬರೆದು ಕೇಳಿ. ಇಂಡಕ್ಷನ್ ಆದರೆ ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದೇ ಬೇಕು.